ಓದಿನ ಹೊರೆಯೂ ಓದುವ ಹೊತ್ತೂ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲ ಹೊರಬಿದ್ದ ಮರುದಿನದಿಂದ ಹೊಸಪೇಟೆಯ ಬೀದಿಗಳಲ್ಲಿ ನಡೆದಾಡುವವರಿಗೆ ಒಂದು ವಿಶೇಷವು ಕಾಣದಿರದು. ಬಸ್ಸು ನಿಲ್ದಾಣದ ಸುತ್ತಣ ಗೋಡೆಗಳಲ್ಲಿಯೂ ದೀಪದ ಕಂಬಗಳಲ್ಲಿಯೂ ಪಿ.ಯು. ಕಾಲೇಜುಗಳ ಮತ್ತು ಕೋಚಿಂಗ್ ತರಗತಿಗಳ ಫಲಕಗಳು ಏಳುವುವು. ಅವುಗಳಲ್ಲಿ ನಗುಮುಖದ ಮಕ್ಕಳ ಚಿತ್ರಗಳು, ಚಿತ್ರಗಳ ಕೆಳಗೆ ಅಂಕಗಳು. ಅದೇ ವಾರದಲ್ಲಿ ಕಂಪ್ಲಿಯ ರೈತರೂ, ಸಂಡೂರಿನ ಗಣಿಗಳಲ್ಲಿ ದುಡಿಯುವವರೂ, ಹಂಪಿ ಕಮಲಾಪುರಗಳ ವ್ಯಾಪಾರಿಗಳೂ ಮಕ್ಕಳನ್ನು ಮುಂದಿಟ್ಟುಕೊಂಡು ಫಲಕದಿಂದ ಫಲಕಕ್ಕೆ ತಿರುಗುವರು. ಮಗು ಓದಿನಲ್ಲಿ ಚುರುಕಾಗಿದ್ದರೆ ವಿಜ್ಞಾನವನ್ನೇ ತೆಗೆದುಕೊಳ್ಳತಕ್ಕದ್ದು. ವಿಜ್ಞಾನವನ್ನು ತೆಗೆದುಕೊಂಡ ಮೇಲೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಹಿಡಿಯತಕ್ಕದ್ದು. ನಾಲ್ಕನ್ನೂ ಹಿಡಿದ ಮೇಲೆ ಸಿ.ಇ.ಟಿ., ನೀಟ್, ಜೆ.ಇ.ಇ. ಮೂರನ್ನೂ ಬರೆಯತಕ್ಕದ್ದು ಎಂಬುದು ಈಗ ಶಾಸ್ತ್ರವಾಕ್ಯದಂತೆ ನಡೆದುಹೋಗಿದೆ. ಹೀಗೆ ತಲೆಗೆ ಎತ್ತಿಟ್ಟ ಹೊರೆಯನ್ನು ಹದಿನಾರು ವರ್ಷದ ಮಗು ಹೊತ್ತು ನಡೆಯುವುದು ಹೇಗೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಮನೆಯವರ ಮುಂದಿಡುವುದು ನಮ್ಮ ಉದ್ದೇಶ.

ಮೊದಲು ಹೊರೆಯ ತೂಕವನ್ನು ನೋಡೋಣ. ದ್ವಿತೀಯ ಪಿ.ಯು.ಸಿ.ಯಲ್ಲಿ ಭಾಷೆ ಎರಡು, ಐಚ್ಛಿಕ ವಿಷಯ ನಾಲ್ಕು. ಒಂದೊಂದಕ್ಕೆ ೧೦೦ರಂತೆ ಒಟ್ಟು ೬೦೦ ಅಂಕ. ಪ್ರಯೋಗಶಾಲೆಯುಳ್ಳ ವಿಷಯಗಳಲ್ಲಿ ೭೦ ಅಂಕ ಬರಹಕ್ಕೆ, ೩೦ ಪ್ರಯೋಗಕ್ಕೆ. ಇದು ಒಂದು ಪರೀಕ್ಷೆ. ರಾಜ್ಯದ ಸಿ.ಇ.ಟಿ.ಯಲ್ಲಿ ವಿಷಯಕ್ಕೆ ೬೦ ಪ್ರಶ್ನೆ, ೮೦ ನಿಮಿಷ. ತಪ್ಪಿದರೆ ಅಂಕ ಕಳೆಯುವುದಿಲ್ಲ. ನೀಟ್ ಪರೀಕ್ಷೆಯಲ್ಲಿ ೧೮೦ ನಿಮಿಷಗಳಲ್ಲಿ ೧೮೦ ಪ್ರಶ್ನೆ. ಸರಿಯಾದುದಕ್ಕೆ ೪ ಅಂಕ, ತಪ್ಪಿದುದಕ್ಕೆ ೧ ಅಂಕದ ದಂಡ. ಜೆ.ಇ.ಇ. ಮುಖ್ಯ ಪರೀಕ್ಷೆಯಲ್ಲಿ ಮೂರು ಗಂಟೆ, ೭೫ ಪ್ರಶ್ನೆ, ೩೦೦ ಅಂಕ. ವಿಷಯ ಬಹುಮಟ್ಟಿಗೆ ಒಂದೇ. ಮೂರು ಪ್ರವೇಶಪರೀಕ್ಷೆಗಳಿವೆ ಎಂದು ನ್ಯೂಟನ್ನನ ಮೂರು ನಿಯಮಗಳು ಒಂಬತ್ತಾಗುವುದಿಲ್ಲ. ಆದರೆ ಒಂದು ಪರೀಕ್ಷೆಯು ವಿವರಿಸಿ ಬರೆಯೆನ್ನುವುದು, ಇನ್ನೊಂದು ಬೇಗನೆ ಬರೆಯೆನ್ನುವುದು, ಮತ್ತೊಂದು ತಿಳಿಯದಿದ್ದರೆ ಬರೆಯಲೇಬೇಡವೆನ್ನುವುದು. ಒಂದೇ ವಿದ್ಯೆಯನ್ನು ಇಷ್ಟು ಬಗೆಯಲ್ಲಿ ಒಪ್ಪಿಸುವುದಕ್ಕೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಹೊತ್ತು ಬೇಕು.

ಆ ಹೊತ್ತು ಎಲ್ಲಿದೆ? ಕಂಪ್ಲಿಯಿಂದ ಹೊಸಪೇಟೆಗೆ ಸುಮಾರು ೩೦ ಕಿಲೋಮೀಟರು. ಸಂಡೂರಿನಿಂದಲೂ ಹೆಚ್ಚು ಕಡಿಮೆ ಅಷ್ಟೆ. ಕಂಪ್ಲಿಯಿಂದ ಬರುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ನಸುಕಿನ ನಾಲ್ಕೂವರೆಗೆ ಎದ್ದು ಐದೂಕಾಲರ ಬಸ್ಸು ಹಿಡಿಯುವನು. ಆರೂವರೆಯಿಂದ ಎಂಟೂವರೆಯ ವರೆಗೆ ಕೋಚಿಂಗು. ಅಲ್ಲಿಯೇ ಎಲ್ಲಾದರೂ ಒಗ್ಗರಣೆ ಮಿರ್ಚಿ ತಿಂದು ಒಂಬತ್ತೂವರೆಗೆ ಕಾಲೇಜು ಸೇರಿದರೆ ಸಂಜೆ ನಾಲ್ಕರ ವರೆಗೆ ಪಾಠ. ನಾಲ್ಕೂವರೆಯಿಂದ ಏಳೂವರೆಯ ವರೆಗೆ ಮತ್ತೆ ಕೋಚಿಂಗು. ಬಸ್ಸಿಗೆ ಕಾದು ಮನೆ ಮುಟ್ಟುವಾಗ ಒಂಬತ್ತು. ಉಂಡು, ಕೊಟ್ಟ ಲೆಕ್ಕಗಳನ್ನು ಮಾಡುತ್ತ ಕುಳಿತರೆ ನಡುರಾತ್ರಿ. ಹದಿನೊಂದೂವರೆ ಗಂಟೆ ಬೆಂಚಿನ ಮೇಲೆ, ಎರಡು ಮುಕ್ಕಾಲು ಗಂಟೆ ದಾರಿಯಲ್ಲಿ, ನಾಲ್ಕೂವರೆ ಗಂಟೆ ನಿದ್ರೆಯಲ್ಲಿ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ೮ರಿಂದ ೧೦ ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ ೨೦೧೬ರಲ್ಲಿ ನಿರ್ಣಯಿಸಿತು. ಇಲ್ಲಿ ಅದರ ಅರ್ಧದಷ್ಟು. ಉಳಿದರ್ಧವನ್ನು ಮಗು ಮಧ್ಯಾಹ್ನದ ರಸಾಯನಶಾಸ್ತ್ರದ ಪಾಠದಲ್ಲಿ ಕಣ್ಣು ತೆರೆದುಕೊಂಡೇ ತೀರಿಸಿಕೊಳ್ಳುವುದೆಂದು ಪಾಠ ಹೇಳಿದವರೆಲ್ಲರೂ ಬಲ್ಲರು.

ರಾಜಸ್ಥಾನದ ಕೋಟಾ ನಗರದಿಂದ ಕೋಚಿಂಗಿಗೆ ಹೋದ ಮಕ್ಕಳು ಪ್ರಾಣ ಕಳೆದುಕೊಂಡ ವಾರ್ತೆಗಳು ಮೇಲಿಂದ ಮೇಲೆ ಬಂದವು. ೨೦೨೪ರ ಜನವರಿಯಲ್ಲಿ ಕೇಂದ್ರ ಸರಕಾರವು ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಹದಿನಾರು ತುಂಬದವರನ್ನು ಸೇರಿಸಿಕೊಳ್ಳಕೂಡದು. ಶಾಲೆ ಕಾಲೇಜು ನಡೆಯುವ ಹೊತ್ತಿನಲ್ಲಿ ಪಾಠ ಕೂಡದು. ದಿನಕ್ಕೆ ಐದು ಗಂಟೆ ಮೀರಕೂಡದು. ವಾರಕ್ಕೊಂದು ರಜೆ ಇರಬೇಕು, ರಜೆಯ ಮರುದಿನ ಪರೀಕ್ಷೆ ಇಡಕೂಡದು. ನಿಯಮಗಳು ಒಳ್ಳೆಯವೇ. ಆದರೆ ನಾವು ಊಹಿಸಿದ ಹುಡುಗನ ಕೋಚಿಂಗೂ ಐದೇ ಗಂಟೆ. ಗಂಟೆಗಳ ಲೆಕ್ಕದಲ್ಲಿ ಎಲ್ಲಿಯೂ ನಿಯಮ ಮೀರಲಿಲ್ಲ! ಸರಕಾರದ ಅಳತೆಗೋಲು ಮನೆಯ ಬಾಗಿಲಲ್ಲಿ ನಿಂತುಬಿಡುವುದು. ಒಳಗಿನ ಲೆಕ್ಕವನ್ನು ತಾಯ್ತಂದೆಗಳೇ ಮಾಡಬೇಕು.

ಕಳೆದ ವರ್ಷ ಪ್ರಥಮ ಪಿ.ಯು.ಸಿ. ಓದುತ್ತಿದ್ದ ಮಗಳನ್ನು ಕರೆದುಕೊಂಡು ಕಂಪ್ಲಿಯ ಕಡೆಯ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ. ಕಾಲೇಜಿನ ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರವೂ ಗಣಿತವೂ ಕೈಕೊಟ್ಟಿದ್ದವು.

“ಎರಡೂ ಹೊತ್ತಿನ ಕೋಚಿಂಗಿಗೆ ಫೀಜು ಕಟ್ಟೇವ್ರಿ ಗುರುಗಳೆ. ಆದ್ರೂ ಓದಾಕ ಮನಸು ಮಾಡವಲ್ಲಳು” ಎಂದರು ತಂದೆ.

ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: “ಓದಾಕ ಬ್ಯಾಸರಿಲ್ಲಪ್ಪಾ. ಎಲ್ಲಾರೂ ಹೇಳಿಕೊಡ್ತಾರ. ಓದಾಕ ಹೊತ್ತಿಲ್ಲ.”

ಈ ಮಾತು ನಮಗೆ ವ್ಯಾಕರಣಶಾಸ್ತ್ರದ ಪೀಠಿಕೆಯೊಂದನ್ನು ನೆನಪಿಗೆ ತಂದಿತು. ಪತಂಜಲಿಯ ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ಒಂದು ಕಥೆಯುಂಟು. ಹೇಳಿಕೊಡುವವನು ಬೃಹಸ್ಪತಿ, ಕಲಿಯುವವನು ಇಂದ್ರ, ಕಾಲವೋ ದೇವತೆಗಳ ಒಂದು ಸಾವಿರ ವರ್ಷ. ಒಂದೊಂದೇ ಶಬ್ದವನ್ನೆತ್ತಿ ಹೇಳಿಕೊಡುತ್ತ ಹೋದರೂ ಶಬ್ದರಾಶಿಯ ಕೊನೆ ಮುಟ್ಟಲಾಗಲಿಲ್ಲವಂತೆ. ಗುರುವಿನಲ್ಲಿ ಕೊರತೆಯಿಲ್ಲ, ಶಿಷ್ಯನಲ್ಲಿ ಕೊರತೆಯಿಲ್ಲ, ಕ್ರಮದಲ್ಲಿ ಕೊರತೆ. ಅದೇ ಪ್ರಸಂಗದಲ್ಲಿ ಪತಂಜಲಿಯು ವಿದ್ಯೆಗೆ ನಾಲ್ಕು ಕಾಲಗಳನ್ನು ಹೇಳುವನು. ಗುರುವಿನಿಂದ ಕೇಳಿ ಪಡೆಯುವುದು ಆಗಮಕಾಲ. ತಾನೇ ಕುಳಿತು ಓದಿ ಮನನ ಮಾಡುವುದು ಸ್ವಾಧ್ಯಾಯಕಾಲ. ಇನ್ನೊಬ್ಬರಿಗೆ ತಿಳಿಸಿ ಹೇಳುವುದು ಪ್ರವಚನಕಾಲ. ಕಲಿತುದನ್ನು ಕಾರ್ಯದಲ್ಲಿ ತರುವುದು ವ್ಯವಹಾರಕಾಲ. ಬೃಹಸ್ಪತಿಯ ಕ್ರಮವನ್ನು ಹಿಡಿದರೆ ಮನುಷ್ಯನ ಆಯುಸ್ಸೆಲ್ಲ ಆಗಮಕಾಲದಲ್ಲಿಯೇ ಮುಗಿದುಹೋಗುವುದೆಂದು ಆತನ ಆಕ್ಷೇಪ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಆಕ್ಷೇಪಕ್ಕೆ ಗುರಿಯಾದ ಕ್ರಮವೇ ನಮ್ಮ ಮಕ್ಕಳ ದಿನಚರಿಯಾಗಿ ಕುಳಿತಿದೆ. ಬೆಳಗ್ಗೆ ಆಗಮ, ಮಧ್ಯಾಹ್ನ ಆಗಮ, ಸಂಜೆ ಆಗಮ. ವಿಷಯಗಳು ಆರಾದುದರಿಂದ ಹೊರೆ ಹೆಚ್ಚಾಯಿತೆಂದು ಲೋಕ ಹೇಳುವುದು. ನಮಗಾದರೋ, ಕೇಳಿದುದನ್ನು ಅರಗಿಸಿಕೊಳ್ಳುವ ಹೊತ್ತನ್ನು ಕೇಳುವುದಕ್ಕೇ ಕೊಟ್ಟುಬಿಟ್ಟಿದ್ದರಿಂದ ಹೊರೆ ಹೆಚ್ಚಾಯಿತೆಂದು ತೋರುವುದು. ಅನ್ನ ಜೀರ್ಣವಾಗಲಿಲ್ಲವೆಂದು ಮೇಲೆ ಮೇಲೆ ಬಡಿಸುವುದುಂಟೆ?

ಆ ಹುಡುಗಿಯ ವಿಷಯದಲ್ಲಿ ನಾವು ಹೇಳಿದ್ದು ಇಷ್ಟೆ: ಸಂಜೆಯ ಕೋಚಿಂಗನ್ನು ಬಿಡಿಸಿರಿ, ನಾಲ್ಕೂವರೆಯ ಬಸ್ಸಿಗೆ ಮನೆಗೆ ಕರೆಸಿಕೊಳ್ಳಿರಿ, ರಾತ್ರಿ ಹತ್ತಕ್ಕೆ ದೀಪ ಆರಲಿ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದುದರಿಂದ ಬಸ್ಸಿನ ಖರ್ಚಿನ ಪ್ರಶ್ನೆ ಇರಲಿಲ್ಲ. ತಂದೆಯ ಪ್ರಶ್ನೆ ಬೇರೆ. “ಕಟ್ಟಿದ ದುಡ್ಡು ತಿರುಗಿ ಕೊಡಂಗಿಲ್ರಿ ಅವರು.” ದುಡ್ಡು ಹೋದದ್ದು ಹೋಯಿತು, ಹೊತ್ತಾದರೂ ಉಳಿಯಲಿ ಎಂದೆವು. ಅವರಿಗೆ ಅದು ರುಚಿಸಲಿಲ್ಲ. ಕಬ್ಬಿನ ಹಣದಿಂದ ಕಟ್ಟಿದ ಶುಲ್ಕ, ರುಚಿಸದಿದ್ದುದು ಸಹಜವೇ. ಎರಡು ವಾರ ಯೋಚಿಸಿ ಒಪ್ಪಿದರು. ಮುಂದಿನ ಕಿರುಪರೀಕ್ಷೆಯಲ್ಲಿ ಅಂಕವೇನೂ ಏರಲಿಲ್ಲ, ಮನೆಯಲ್ಲಿ ದಿಗಿಲಾಯಿತು. ಮಧ್ಯವಾರ್ಷಿಕದಲ್ಲಿ ಭೌತಶಾಸ್ತ್ರವು ಏರಿತು. ಗಣಿತ ಇದ್ದಲ್ಲಿಯೇ ಇತ್ತು. ಈಗ ಆಕೆ ದ್ವಿತೀಯ ವರ್ಷದಲ್ಲಿದ್ದಾಳೆ. ಊಟಕ್ಕೆ ಕುಳಿತಾಗ ಮಾತಾಡುತ್ತಾಳೆಂದು ತಾಯಿ ಹೇಳಿದರು. ಮೊದಲು ಅದೂ ಇರಲಿಲ್ಲವಂತೆ.

ಸ್ವಾಧ್ಯಾಯವೆಂದರೆ ಪುಸ್ತಕವನ್ನು ತೆರೆದಿಟ್ಟು ಅದರ ಮುಂದೆ ಕುಳಿತುಕೊಳ್ಳುವುದಲ್ಲ. ಗೆರೆ ಎಳೆದು, ಬಣ್ಣ ಹಚ್ಚಿ, ಅದೇ ಪುಟವನ್ನು ಮೂರು ಸಲ ಓದಿದರೆ ತಿಳಿದಂತೆ ಭಾಸವಾಗುವುದು, ಬೆಳಗಾದರೆ ಇರದು. ೨೦೦೬ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟು, ಕೆಲವರಿಂದ ಅದನ್ನೇ ಮತ್ತೆ ಓದಿಸಿದರು. ಕೆಲವರಿಂದ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮೇಲು. ಒಂದು ವಾರದ ಬಳಿಕ ಪರೀಕ್ಷಿಸಿದಾಗ ನೋಡದೆ ಬರೆದವರು ಮೇಲು. ಇದನ್ನು ಓದಿ ನಮಗೆ ಆಶ್ಚರ್ಯವಾಗಲಿಲ್ಲ. ಪುಸ್ತಕ ಮುಚ್ಚಿ ಪಾಠ ಒಪ್ಪಿಸುವುದೆಂಬುದು ನಮ್ಮ ಪಾಠಶಾಲೆಗಳಲ್ಲಿ ನಿತ್ಯಕರ್ಮವಾಗಿದ್ದಿತು. ಆದುದರಿಂದ ಸಂಜೆ ಮನೆಯಲ್ಲಿ ಸಿಕ್ಕ ಎರಡು ಗಂಟೆಗಳಲ್ಲಿ ಮಗುವು ಆ ದಿನದ ಪಾಠವನ್ನು ಒಂದು ಹಾಳೆಯ ಮೇಲೆ ಪುಸ್ತಕ ನೋಡದೆ ಬರೆದು, ಆ ಮೇಲೆ ಪುಸ್ತಕ ತೆರೆದು ತಪ್ಪಿದುದನ್ನು ತಿದ್ದಿಕೊಂಡರೆ ಸಾಕು. ಮೂರು ದಿನ ಬಿಟ್ಟು ಒಮ್ಮೆ, ಎರಡು ವಾರ ಬಿಟ್ಟು ಮತ್ತೊಮ್ಮೆ ಅದೇ ಹಾಳೆಯನ್ನು ಹೊಸದಾಗಿ ಬರೆಯಬೇಕು. ಲೆಕ್ಕಗಳಿಗೂ ಇದೇ ಕ್ರಮ. ಬಿಡಿಸಿದ ಲೆಕ್ಕವನ್ನು ನೋಡಿ ತಲೆಯಾಡಿಸುವುದು ಲೆಕ್ಕ ಮಾಡಿದಂತಲ್ಲ.

ಮೈಸೂರಿನ ಆರ್. ಕೆ. ನಾರಾಯಣರು ರಾಜ್ಯಸಭೆಯ ಸದಸ್ಯರಾಗಿದ್ದಾಗ ತಮ್ಮ ಮೊದಲ ಭಾಷಣದಲ್ಲಿ ಮಕ್ಕಳ ಪುಸ್ತಕದ ಚೀಲದ ಭಾರವನ್ನು ಎತ್ತಿ ಆಡಿದ್ದರು. ಆ ಬಳಿಕ ೧೯೯೨ರಲ್ಲಿ ಪ್ರೊಫೆಸರ್ ಯಶಪಾಲರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ೧೯೯೩ರಲ್ಲಿ ವರದಿ ಕೊಟ್ಟಿತು. ಚೀಲದ ಭಾರಕ್ಕಿಂತ ಅರ್ಥವಾಗದೆ ಕಲಿಯುವ ಭಾರವೇ ಹೆಚ್ಚು ಹಾನಿಕರವೆಂದು ಅದರ ಅಭಿಪ್ರಾಯ. ಈ ಮಾತು ನಮ್ಮ ಸೀಮೆಗೆ ಒಂದು ವಿಶೇಷ ಕಾರಣದಿಂದ ಸಲ್ಲುವುದು. ಕಂಪ್ಲಿ ಸಂಡೂರುಗಳ ಹಳ್ಳಿಗಳಲ್ಲಿ ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಪಿ.ಯು. ವಿಜ್ಞಾನಕ್ಕೆ ಬಂದೊಡನೆ ಇಂಗ್ಲಿಷಿನಲ್ಲಿ ಪಾಠ ಕೇಳಬೇಕಾಗುವುದು. ನಿನ್ನೆಯ ತನಕ ವೇಗೋತ್ಕರ್ಷವಾಗಿದ್ದುದು ಇಂದು ಆಕ್ಸಿಲರೇಷನ್, ಸಂವೇಗವಾಗಿದ್ದುದು ಮೊಮೆಂಟಮ್, ದ್ಯುತಿಸಂಶ್ಲೇಷಣೆಯಾಗಿದ್ದುದು ಫೋಟೋಸಿಂಥೆಸಿಸ್. ವಸ್ತು ತಿಳಿದಿದೆ, ಹೆಸರು ತಿಳಿಯದು. ಆದರೆ ಮಗುವು ವಸ್ತುವೇ ತನಗೆ ತಿಳಿಯದೆಂದು ನಂಬಿ ಕುಗ್ಗಿಹೋಗುವುದು, ಮನೆಯವರು ಇನ್ನೊಂದು ಕೋಚಿಂಗಿಗೆ ಸೇರಿಸುವರು, ಅಲ್ಲಿಯೂ ಆಕ್ಸಿಲರೇಷನ್ನೇ. ಇಂತಹ ಮಕ್ಕಳು ಹತ್ತನೆಯ ತರಗತಿಯ ಕನ್ನಡ ವಿಜ್ಞಾನದ ಪುಸ್ತಕವನ್ನು ಮಾರದೆ ಇಟ್ಟುಕೊಳ್ಳಬೇಕು. ಒಂದು ಕಿರುಹೊತ್ತಗೆಯಲ್ಲಿ ಎಡಕ್ಕೆ ಕನ್ನಡದ ಮಾತು, ಬಲಕ್ಕೆ ಇಂಗ್ಲಿಷಿನ ಮಾತು ಬರೆದು, ದಿನಕ್ಕೆ ಹತ್ತರಂತೆ ಕಲಿತರೆ ಮೂರು ತಿಂಗಳಲ್ಲಿ ಒಂಬೈನೂರು ಮಾತುಗಳಾಗುವುವು. ಅಷ್ಟು ಸಾಕಾದೀತು. ನೀಟ್ ಪ್ರಶ್ನೆಪತ್ರಿಕೆಯು ೧೩ ಭಾಷೆಗಳಲ್ಲಿ ದೊರೆಯುವುದು, ಕನ್ನಡವೂ ಅವುಗಳಲ್ಲಿ ಒಂದು ಎಂಬುದನ್ನು ಎಷ್ಟೋ ಮನೆಗಳವರು ಅರಿಯರು.

ಇನ್ನು, ಎಲ್ಲ ಪರೀಕ್ಷೆಗಳನ್ನೂ ಬರೆಯಲೇಬೇಕೆ? ನೀಟ್ ಪರೀಕ್ಷೆಯಲ್ಲಿ ಗಣಿತವಿಲ್ಲ. ಎಂಜಿನಿಯರಿಂಗಿನ ಜೆ.ಇ.ಇ.ಯಲ್ಲಿ ಜೀವಶಾಸ್ತ್ರವಿಲ್ಲ. ವೈದ್ಯನಾಗುವೆನೆಂಬ ಮಗು ಜೆ.ಇ.ಇ. ಲೆಕ್ಕಗಳಿಗೆ ರಾತ್ರಿಗಳನ್ನು ಕೊಡುವುದೂ, ಎಂಜಿನಿಯರಾಗುವೆನೆಂಬ ಮಗು ಜೀವಶಾಸ್ತ್ರದ ೯೦ ಪ್ರಶ್ನೆಗಳಿಗೆ ಕೋಚಿಂಗು ಪಡೆಯುವುದೂ ವ್ಯರ್ಥ. “ಇರಲಿ, ಒಂದು ಕೈಯಲ್ಲಿರಲಿ” ಎಂಬ ಮಾತು ಮನೆಮನೆಯಲ್ಲಿ ಕೇಳಿಬರುವುದು. ಈ ‘ಇರಲಿ’ ಎಂಬ ಒಂದು ಮಾತಿನಿಂದಲೇ ಹೊರೆಯ ಮೂರನೆಯ ಒಂದು ಪಾಲು ಬಂದಿದೆಯೆಂದು ನಮ್ಮ ಗ್ರಹಿಕೆ. ರಾಜ್ಯದ ಎಂಜಿನಿಯರಿಂಗ್ ಪ್ರವೇಶಕ್ಕೆ ಪಿ.ಯು.ಸಿ. ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ ಸೇರಿಸಿ ಸ್ಥಾನ ನಿರ್ಣಯಿಸುವರು. ಆದುದರಿಂದ ಕಾಲೇಜಿನ ಪಾಠವನ್ನು ಕಡೆಗಣಿಸಿ ಪ್ರವೇಶಪರೀಕ್ಷೆಯ ಹಿಂದೆ ಹೋಗುವವರು ಅರ್ಧವನ್ನು ಕೈಬಿಟ್ಟಂತೆ. ಸಂವಿಧಾನದ ೩೭೧-ಜೆ ವಿಧಿಯಿಂದ ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇಕಡ ೭೦, ರಾಜ್ಯದ ಇತರ ಕಡೆ ಶೇಕಡ ೮ ಸ್ಥಾನಗಳು ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೀಸಲಾಗಿವೆ. ಬಳ್ಳಾರಿಯಲ್ಲಿ ವೈದ್ಯವಿದ್ಯಾಲಯವಿದೆ, ಹೊಸಪೇಟೆಯಲ್ಲಿಯೇ ಪ್ರೌಢದೇವರಾಯರ ಹೆಸರಿನ ಎಂಜಿನಿಯರಿಂಗ್ ವಿದ್ಯಾಲಯವಿದೆ. ಇಡೀ ದೇಶವೇ ತನ್ನ ಎದುರಿಗೆ ಓಡುತ್ತಿದೆಯೆಂದು ಮಗುವನ್ನು ಹೆದರಿಸುವ ಮೊದಲು ಇವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಊರ ಹೊರಗಿನ ತುಂಗಭದ್ರಾ ಅಣೆಕಟ್ಟಿಗೆ ೩೩ ಗೇಟುಗಳು. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದುದನ್ನು ಇಲ್ಲಿ ಯಾರೂ ಮರೆತಿಲ್ಲ. ಜಲಾಶಯ ತುಂಬಿದ್ದಿತು, ಕಂಪ್ಲಿಯ ಗದ್ದೆಗಳಿಗೆ ಹನಿ ಹನಿಯೂ ಬೇಕಾಗಿದ್ದಿತು. ಆದರೂ ಬಲ್ಲವರು ಉಳಿದ ಗೇಟುಗಳನ್ನೂ ಎತ್ತಿಸಿ ನೀರನ್ನು ಹೊರಬಿಟ್ಟು ಒತ್ತಡವನ್ನು ಇಳಿಸಿದರು. ಆ ಮೇಲೆಯೇ ಕನ್ನಯ್ಯನಾಯ್ಡು ಅವರ ಮಾರ್ಗದರ್ಶನದಲ್ಲಿ, ಒಂದು ವಾರದೊಳಗೆ, ಒಡೆದ ಕಂಡಿಗೆ ತಾತ್ಕಾಲಿಕ ಗೇಟು ಇಳಿಯಿತು. ಬೇಕಾದ ನೀರನ್ನೇ ಬಿಡಬೇಕಾಗುವ ಸಮಯವುಂಟು. ಜೆ.ಇ.ಇ.ಯನ್ನೋ ನೀಟನ್ನೋ ಒಂದನ್ನು ಪ್ರಥಮ ವರ್ಷದ ಶ್ರಾವಣದೊಳಗೆ ಮಗುವನ್ನೇ ಕೇಳಿ ಬಿಡಿಸುವುದು ಅಂತಹ ಕೆಲಸ. ದ್ವಿತೀಯ ವರ್ಷದ ಮಾಘದಲ್ಲಿ ಬಿಡಿಸಿದರೆ ಪ್ರಯೋಜನ ಕಡಿಮೆ. ಭಾಷೆಯಲ್ಲಿ ಸುಲಭವಾಗಿ ಅಂಕ ಬರುವುದೆಂದು ಸಂಸ್ಕೃತವನ್ನು ತೆಗೆದುಕೊಳ್ಳುವವರೂ ಅನೇಕರು. ಕಾಳಿದಾಸನ ಭಾಷೆಗೆ ಈ ಬಗೆಯ ಗೌರವ ಬಂದುದು ನಮಗೆ ಹಿತವೆನ್ನಲಾರೆವು. ಆದರೂ ಮಗುವಿನ ಭಾರ ತುಸು ಇಳಿಯುವುದಾದರೆ ಇಳಿಯಲಿ.

ದಕ್ಷಿಣ ಕನ್ನಡದ ವಸತಿ ಕಾಲೇಜುಗಳಿಗೆ ಮಕ್ಕಳನ್ನು ಕಳುಹಿಸುವ ರೂಢಿಯೂ ಬೆಳೆದಿದೆ. ಬಸ್ಸಿನ ಹೊತ್ತು ಉಳಿಯುವುದು ನಿಜ. ಅಲ್ಲಿ ಹೋಗಿ ಕಟ್ಟಡವನ್ನೂ ಊಟದ ಮನೆಯನ್ನೂ ನೋಡಿ ಬರುವವರು ವೇಳಾಪಟ್ಟಿಯನ್ನೂ ಕೇಳಬೇಕು: ಪಾಠ ಎಷ್ಟು ಗಂಟೆ, ಮಗು ತಾನಾಗಿ ಓದಲು ಎಷ್ಟು ಗಂಟೆ, ದೀಪ ಆರುವುದು ಎಷ್ಟಕ್ಕೆ.

ಸಾಯಣಾಚಾರ್ಯರು ವೇದಭಾಷ್ಯ ಬರೆದ ಕಾಲದ ರಾಜಧಾನಿ ನಮ್ಮ ಹಂಪಿ. ಆ ವೇದವನ್ನು ಕಲಿಯುವುದಕ್ಕೂ ನಮ್ಮ ಹಿರಿಯರು ಬಿಡುವನ್ನು ವಿಧಿಸಿದ್ದರು. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಅನಧ್ಯಯನ, ಪುಸ್ತಕ ಮುಟ್ಟುವಂತಿಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಉಪಾಕರ್ಮದಿಂದ ನಾಲ್ಕೂವರೆ ತಿಂಗಳು ವೇದಾಧ್ಯಯನ, ಅಲ್ಲಿಂದ ಮುಂದೆ ಶುಕ್ಲಪಕ್ಷದಲ್ಲಿ ವೇದ, ಕೃಷ್ಣಪಕ್ಷದಲ್ಲಿ ವೇದಾಂಗಗಳೆಂದು ಹಂಚಿದೆ. ಕಷ್ಟದ ಓದಿಗೆ ಒಂದು ಪಕ್ಷ, ಅದಕ್ಕೆ ಪೋಷಕವಾದ ಓದಿಗೆ ಒಂದು ಪಕ್ಷ; ಎಲ್ಲವನ್ನೂ ದಿನವೂ ಅಲ್ಲ. ನಮ್ಮ ಮಕ್ಕಳಿಗೆ ಭಾನುವಾರವೂ ಪರೀಕ್ಷೆ. ವಾರಕ್ಕೆ ಅರ್ಧ ದಿನವಾದರೂ ಅನಧ್ಯಯನವನ್ನು ಮನೆಯಲ್ಲಿ ಆಚರಿಸಿರಿ. ಅಂದು ಮಗು ಕಾಲುವೆಯ ಏರಿಯ ಮೇಲೆ ನಡೆದಾಡಲಿ, ಚೆಂಡಾಡಲಿ, ಸುಮ್ಮನೆ ಮಲಗಿರಲಿ. ಕೈಗೆ ಮೊಬೈಲು ಕೊಟ್ಟು ಮೂಲೆಯಲ್ಲಿ ಕೂರಿಸುವುದು ಅನಧ್ಯಯನವಾಗದು. ಅದು ಬೇರೆ ಬಗೆಯ ಆಗಮ.

ಪ್ರವಚನಕಾಲಕ್ಕೆ ಮನೆಯೇ ತಕ್ಕ ಸ್ಥಳ. “ಇವತ್ತು ಎಷ್ಟು ಅಂಕ ಬಂತು?” ಎಂದು ಬಾಗಿಲಲ್ಲಿಯೇ ಕೇಳುವ ಬದಲು, ಊಟವಾದ ಮೇಲೆ “ಇವತ್ತು ಕಲಿತದ್ದರಲ್ಲಿ ಒಂದನ್ನು ಅಜ್ಜಿಗೆ ತಿಳಿಯುವ ಹಾಗೆ ಹೇಳು” ಎಂದರೆ ಹತ್ತು ನಿಮಿಷದಲ್ಲಿ ಆ ಪಾಠ ಮಗುವಿಗೆ ತನ್ನದಾಗುವುದು. ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದೇಕೆಂಬುದು ಅಡಿಗೆಯ ಮನೆಯಲ್ಲಿ ಹೇಳಬಹುದಾದ ಭೌತಶಾಸ್ತ್ರ. ಒತ್ತಡ ಹೆಚ್ಚಿದರೆ ನೀರು ಕುದಿಯುವ ಉಷ್ಣತೆಯೂ ಹೆಚ್ಚುವುದು. ಅಜ್ಜಿ ಕೇಳುವ ಅಡ್ಡಪ್ರಶ್ನೆಗಳು ಕೆಲವು ವೇಳೆ ಪರೀಕ್ಷಕರ ಪ್ರಶ್ನೆಗಳಿಗಿಂತ ಗಟ್ಟಿಯಾಗಿರುವುವು! ನೆರೆಮನೆಯ ಮಗುವಿನ ಅಂಕಗಳ ಮಾತು ಮಾತ್ರ ಆ ಹೊತ್ತಿನಲ್ಲಿ ಬೇಡ.

ಊಟ ಸೇರದೆ, ನಿದ್ರೆ ಬಾರದೆ, ಗೆಳೆಯರೊಡನೆ ಮಾತು ಬಿಟ್ಟು, ಬದುಕೇ ಬೇಡವೆಂಬ ಮಾತನ್ನು ಮಗು ಒಮ್ಮೆ ಆಡಿದರೂ ಅದನ್ನು ಸೋಮಾರಿತನವೆಂದಾಗಲಿ ನಟನೆಯೆಂದಾಗಲಿ ತಳ್ಳಿಹಾಕಕೂಡದು. ಅಂದು ಓದು ನಿಲ್ಲಲಿ. ಮಗುವನ್ನು ಒಂಟಿಯಾಗಿ ಬಿಡದೆ ಹತ್ತಿರ ಕುಳಿತು ಕೇಳಿ, ವೈದ್ಯರಿಗೆ ತೋರಿಸಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಹಗಲಿರುಳೂ ದೊರೆಯುವುದು, ಕನ್ನಡದಲ್ಲಿಯೂ ಮಾತಾಡಬಹುದು, ಶುಲ್ಕವಿಲ್ಲ.

ಕೊನೆಗೆ ಪರೀಕ್ಷೆಯ ಮಾತು. ಒಂದೇ ಪರೀಕ್ಷೆ, ತಪ್ಪಿದರೆ ಒಂದು ವರ್ಷ ಹೋಯಿತು ಎಂಬ ಕಾಲದಲ್ಲಿ ಬೆಳೆದ ತಾಯ್ತಂದೆಗಳು ಆ ಭಯವನ್ನೇ ಮಕ್ಕಳಿಗೂ ಬಡಿಸುವರು. ೨೦೨೪ರಿಂದ ದ್ವಿತೀಯ ಪಿ.ಯು.ಸಿ.ಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ. ಉತ್ತೀರ್ಣರಾದವರೂ ಬೇಕಾದ ವಿಷಯವನ್ನು ಮತ್ತೆ ಬರೆಯಬಹುದು; ಹೆಚ್ಚು ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು. ಇದನ್ನು ಮಗುವಿಗೆ ಮಾರ್ಚಿಯಲ್ಲಲ್ಲ, ಜೂನಿನಲ್ಲಿಯೇ ತಿಳಿಸಿಡಿರಿ. ಮೊದಲ ಪರೀಕ್ಷೆಯ ಫಲ ಬಂದ ದಿನವೇ ಕಾಲೇಜಿಗೆ ಹೋಗಿ, ಎರಡನೆಯದಕ್ಕೆ ಹೆಸರು ಹಚ್ಚಲು ಕೊನೆಯ ದಿನ ಯಾವುದೆಂದು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡರಾಯಿತು.